ಡಿಸ್ಕುಗಳ ಕೂಟದ ಕಾಯಿಲೆಯೂ ಅದರ ಶುಶ್ರೂಷೆಯೂ

ಶಾಲೆಯ ಹಳೆಯ ದಾಖಲಾತಿ ಪುಸ್ತಕವೊಂದನ್ನು ತೆರೆದು ನೋಡಿದವರಿಗೆ ಅದರ ಬೆಲೆ ತಿಳಿಯದೆ ಇರದು. ಅಜ್ಜನ ಹೆಸರು, ಮನೆಯ ಹೆಸರು, ಹುಟ್ಟಿದ ದಿನ, ಶಾಲೆಗೆ ಸೇರಿದ ದಿನ, ಬಿಟ್ಟ ದಿನ, ಇವೆಲ್ಲವೂ ಯಾರೋ ಒಬ್ಬ ಅಧ್ಯಾಪಕರ ದುಂಡಗಿನ ಅಕ್ಷರಗಳಲ್ಲಿ ಅಲ್ಲಿ ಕಾಣಸಿಗುತ್ತವೆ. ಕಾಸರಗೋಡಿನಂತಹ ಗಡಿನಾಡಿನಲ್ಲಿ ಇಂತಹ ಪುಸ್ತಕಗಳಿಗೆ ಇನ್ನೂ ಒಂದು ಬೆಲೆಯುಂಟು. ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ತಾಲೂಕು 1956ನೆಯ ಇಸವಿ ನವೆಂಬರ್ 1ರಂದು ಕೇರಳ ರಾಜ್ಯದ ಭಾಗವಾಯಿತು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಲ್ಲಿ ಕನ್ನಡದಲ್ಲಿ ಓದಿದವರು ಯಾರು, ಎಷ್ಟು ಮಂದಿ, ಯಾವ ಯಾವ ಊರಿನವರು ಎಂಬುದಕ್ಕೆ ಸಾಕ್ಷಿ ನುಡಿಯುವ ಕಾಗದಗಳಲ್ಲಿ ಶಾಲೆಗಳ ದಾಖಲೆಗಳು ಮುಖ್ಯವಾದುವು.

ಆದರೆ ನಮ್ಮ ನಾಡಿನ ಮಳೆಗೂ ಗೆದ್ದಲಿಗೂ ಕಾಗದದ ಮೇಲೆ ಕರುಣೆಯಿಲ್ಲ. ಆದುದರಿಂದ ಈಗ ಅನೇಕ ಶಾಲೆಗಳೂ ಸಹಕಾರಿ ಬ್ಯಾಂಕುಗಳೂ ಗ್ರಂಥಾಲಯಗಳೂ ತಮ್ಮ ಹಳೆಯ ಕಾಗದಗಳ ಚಿತ್ರಗಳನ್ನು ತೆಗೆದು, ಸರ್ವರ್ ಎಂದು ಕರೆಯಲಾಗುವ ದೊಡ್ಡ ಗಣಕಯಂತ್ರಗಳಲ್ಲಿ ತುಂಬಿಡುತ್ತಿವೆ. ಅಲ್ಲಿಗೆ ಸೇರಿದ ಮೇಲೆ ಇನ್ನು ಭಯವಿಲ್ಲವೆಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವು. ಆ ನಂಬಿಕೆ ಹೇಗೆ ಅಲುಗಾಡಿತು, ಅದರಿಂದ ನಾವು ಕಲಿತುದೇನು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಡಿಸ್ಕು ಎಂದರೇನು?

ಗಣಕಯಂತ್ರದಲ್ಲಿ ಬರಹವನ್ನೂ ಚಿತ್ರವನ್ನೂ ಬಹುಕಾಲ ಇರಿಸಿಕೊಳ್ಳುವ ಭಾಗಕ್ಕೆ ಹಾರ್ಡ್ ಡಿಸ್ಕು ಎಂದು ಹೆಸರು. ಅದರೊಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತಿನ ವೇಗದಲ್ಲಿ ತಿರುಗುತ್ತಿರುತ್ತವೆ. ಅವುಗಳ ಮೇಲೆ, ತಟ್ಟೆಗೆ ತಾಗದೆ, ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಮೆ ಅಂತರದಲ್ಲಿ, ಓದುವ ಮತ್ತು ಬರೆಯುವ ಮೊನೆಯು ತೇಲುತ್ತಿರುತ್ತದೆ. ತಟ್ಟೆಯ ಮೇಲಿನ ಅಯಸ್ಕಾಂತದ ಗುರುತುಗಳೇ ಅದರ ಬರಹ.

ಇಂತಹ ಯಂತ್ರವನ್ನು ಐಬಿಎಂ ಕಂಪೆನಿಯವರು ಮೊದಲಾಗಿ ಮಾರಾಟಕ್ಕೆ ತಂದುದು 1956ರಲ್ಲಿ, ಅಂದರೆ ನಮ್ಮ ತಾಲೂಕು ಕೇರಳಕ್ಕೆ ಸೇರಿದ ವರ್ಷದಲ್ಲಿಯೇ. ಅದರಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದು ಅಂಗೈಯಲ್ಲಿ ಹಿಡಿಯಬಹುದಾದ 4 ಟೆರಾಬೈಟಿನ ಡಿಸ್ಕು ಅದಕ್ಕಿಂತ ಲಕ್ಷಗಟ್ಟಲೆ ಪಾಲು ಹೆಚ್ಚು ಹಿಡಿಯುತ್ತದೆ. ಆದರೆ ಅಂದಿಗೂ ಇಂದಿಗೂ ಒಂದು ಮಾತು ಬದಲಾಗಿಲ್ಲ. ತಿರುಗುವ ಯಂತ್ರವು ಒಂದಲ್ಲ ಒಂದು ದಿನ ನಿಲ್ಲತಕ್ಕದ್ದೇ.

ಕೂಟ ಕಟ್ಟಿದುದು ಏಕೆ?

ಒಂದು ಡಿಸ್ಕು ನಿಂತರೆ ಅದರೊಳಗಿನ ಬರಹವೆಲ್ಲ ಹೋಗುವುದಷ್ಟೆ? ಇದಕ್ಕೆ ಪರಿಹಾರವಾಗಿ ಅಮೇರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕ್ಯಾಟ್ಜ್ ಎಂಬ ಮೂವರು 1988ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಹಳ ಬೆಲೆಯ ಒಂದೇ ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಜೊತೆಗೂಡಿಸಿ, ಒಂದು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಬಹುದೆಂದು ಅವರು ತೋರಿಸಿದರು. ಈ ಏರ್ಪಾಡಿಗೆ ಅವರಿತ್ತ ಹೆಸರು ರೇಡ್. ನಾವು ಅದನ್ನು ಡಿಸ್ಕುಗಳ ಕೂಟವೆನ್ನೋಣ. ತಾಳಮದ್ದಳೆಯ ಕೂಟದಲ್ಲಿ ಒಬ್ಬ ಅರ್ಥಧಾರಿ ಬಾರದೆ ಹೋದರೆ, ಪ್ರಸಂಗವನ್ನು ಬಲ್ಲ ಉಳಿದವರು ಅವನ ಪಾತ್ರವನ್ನೂ ಹಂಚಿಕೊಂಡು ಕಥೆಯನ್ನು ಮುಂದುವರಿಸುವುದುಂಟು. ಇಲ್ಲಿಯೂ ಹಾಗೆಯೇ.

ಕೂಟಗಳಲ್ಲಿ ಹಲವು ಬಗೆಗಳಿವೆ. ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳು ನಮ್ಮಲ್ಲಿವೆಯೆಂದು ಇಟ್ಟುಕೊಳ್ಳೋಣ.

ರೇಡ್ ಸೊನ್ನೆಯಲ್ಲಿ ಬರಹವನ್ನು ನಾಲ್ಕಕ್ಕೂ ಹಂಚಿಬಿಡುತ್ತಾರೆ. 16 ಟೆರಾಬೈಟು ಪೂರ್ತಿ ಸಿಗುತ್ತದೆ; ಆದರೆ ಒಂದು ಡಿಸ್ಕು ಹೋದರೆ ಎಲ್ಲವೂ ಹೋಯಿತು.

ರೇಡ್ ಒಂದರಲ್ಲಿ ಒಂದು ಡಿಸ್ಕಿನ ಪಡಿಯಚ್ಚು ಇನ್ನೊಂದರಲ್ಲಿರುತ್ತದೆ. ಇಂತಹ ಎರಡು ಜೋಡಿಗಳನ್ನು ಕೂಡಿಸಿದುದು ರೇಡ್ ಹತ್ತು. ಇದರಲ್ಲಿ 8 ಟೆರಾಬೈಟು ಸಿಗುತ್ತದೆ.

ರೇಡ್ ಐದರಲ್ಲಿ ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗಾಗಿ ಬಿಟ್ಟುಕೊಡುತ್ತಾರೆ. 12 ಟೆರಾಬೈಟು ಸಿಗುತ್ತದೆ. ಯಾವುದೇ ಒಂದು ಡಿಸ್ಕು ಹೋದರೂ ನಷ್ಟವಿಲ್ಲ.

ರೇಡ್ ಆರರಲ್ಲಿ ಎರಡು ಡಿಸ್ಕಿನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ. 8 ಟೆರಾಬೈಟು ಸಿಗುತ್ತದೆ. ಯಾವುದೇ ಎರಡು ಹೋದರೂ ನಷ್ಟವಿಲ್ಲ.

ಸರಿಬೆಸದ ಲೆಕ್ಕ

ಇಲ್ಲದ ಡಿಸ್ಕಿನ ಬರಹವನ್ನು ಉಳಿದವು ಹೇಗೆ ಹೇಳಬಲ್ಲವು? ಇದು ಮಾಯೆಯಲ್ಲ, ಐದನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ಗಣಕಯಂತ್ರದ ಬರಹವೆಲ್ಲ 1 ಮತ್ತು 0 ಎಂಬ ಎರಡೇ ಅಂಕೆಗಳಲ್ಲಿರುತ್ತದೆ. ಮೂರು ಡಿಸ್ಕುಗಳಲ್ಲಿ ಹೀಗೆ ಬರೆದಿದೆಯೆನ್ನೋಣ:

ಮೊದಲನೆಯದು: 1 0 1 1
ಎರಡನೆಯದು: 0 1 1 1
ಮೂರನೆಯದು: 1 0 1 0

ನಾಲ್ಕನೆಯದರಲ್ಲಿ ಪ್ರತಿಯೊಂದು ಕಂಬಸಾಲಿಗೂ ಒಂದು ಅಂಕೆ ಬರೆಯಬೇಕು. ನಿಯಮವಿಷ್ಟೇ: ಕಂಬಸಾಲಿನಲ್ಲಿರುವ 1ರ ಸಂಖ್ಯೆ ನಾಲ್ಕೂ ಸೇರಿ ಸರಿಸಂಖ್ಯೆಯಾಗಬೇಕು. ಮೊದಲ ಸಾಲಿನಲ್ಲಿ ಈಗಾಗಲೇ ಎರಡು 1 ಇವೆ, ಆದುದರಿಂದ 0. ಎರಡನೆಯದರಲ್ಲಿ ಒಂದೇ ಇದೆ, ಆದುದರಿಂದ 1. ಹೀಗೆ ನಾಲ್ಕನೆಯ ಡಿಸ್ಕಿಗೆ 0 1 1 0 ಎಂದಾಗುತ್ತದೆ. ಇದಕ್ಕೆ ಪ್ಯಾರಿಟಿ, ಅಂದರೆ ಸರಿಬೆಸದ ಗುರುತು ಎಂದು ಹೆಸರು.

ಈಗ ಎರಡನೆಯ ಡಿಸ್ಕು ಕೆಟ್ಟಿತೆನ್ನಿ. ಉಳಿದ ಮೂರನ್ನು ಮುಂದಿಟ್ಟುಕೊಂಡು ಅದೇ ನಿಯಮದಿಂದ ಲೆಕ್ಕ ಹಾಕಿದರೆ 0 1 1 1 ಎಂದು ಕಳೆದುಹೋದುದೇ ತಿರುಗಿ ದೊರೆಯುತ್ತದೆ. ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಲಿ. ಎರಡು ಡಿಸ್ಕುಗಳನ್ನು ಅಳಿಸಿ ನೋಡಿದರೆ ಲೆಕ್ಕ ಸಾಗದೆಂಬುದೂ ಆಗ ತಾನಾಗಿ ತಿಳಿಯುವುದು. ರೇಡ್ ಐದರ ಬಲವೂ ಮಿತಿಯೂ ಇದೇ. ವಾಸ್ತವದಲ್ಲಿ ಈ ಗುರುತನ್ನು ಒಂದೇ ಡಿಸ್ಕಿನಲ್ಲಿಡದೆ ಎಲ್ಲದರಲ್ಲಿಯೂ ಸರದಿಯಂತೆ ಹಂಚಿಡುತ್ತಾರೆ.

ನಮಗಾದ ಅನುಭವ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶಾಲೆಯ ಕಚೇರಿಯಲ್ಲಿ ಇಂತಹ ನಾಲ್ಕು ಡಿಸ್ಕುಗಳ ಸರ್ವರಿನ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಚಿತ್ರಗಳೂ ಹಳೆಯ ವಾರ್ಷಿಕ ಸಂಚಿಕೆಗಳ ಚಿತ್ರಗಳೂ ಅದರಲ್ಲಿದ್ದವು. ಮೂಲ ಪುಸ್ತಕಗಳಲ್ಲಿ ಕೆಲವಂತೂ ಅಷ್ಟರಲ್ಲಿ ಗೆದ್ದಲಿನ ಪಾಲಾಗಿದ್ದವು.

ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಸರ್ವರು ಒಂದೇ ಸಮನೆ ಕೂಗತೊಡಗಿತು. ಪಕ್ಕದ ತರಗತಿಯ ಪಾಠಕ್ಕೆ ತೊಂದರೆಯಾಗುವುದೆಂದು ಯಾರೋ ಅದರ ಕೂಗನ್ನು ನಿಲ್ಲಿಸಿದರು. ಚಿತ್ರಗಳೆಲ್ಲ ಮೊದಲಿನಂತೆಯೇ ತೆರೆದುಕೊಳ್ಳುತ್ತಿದ್ದುದರಿಂದ ನಾವೂ ಅದನ್ನು ಮರೆತೆವು. ಕೂಟದ ದೊಡ್ಡ ಗುಣವೇ ಅಲ್ಲಿ ಅದರ ದೊಡ್ಡ ಅಪಾಯವಾಯಿತು. ಒಂದು ಡಿಸ್ಕು ಸತ್ತ ಸುದ್ದಿ ಕೆಲಸದಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಒಂದು ತಿಂಗಳು ಕಳೆದ ಮೇಲೆ ತೆರೆಯ ಮೇಲಿನ ಸೂಚನೆ ನಮ್ಮ ಕಣ್ಣಿಗೆ ಬಿತ್ತು. '2ನೆಯ ಡಿಸ್ಕು ಕೆಟ್ಟಿದೆ' ಎಂದಿತ್ತು. ಹೊಸದನ್ನು ತರಿಸಿ, ಎಡದಿಂದ ಎಣಿಸಿ, ಎರಡನೆಯ ಖಾನೆಯ ಡಿಸ್ಕನ್ನು ಹೊರಗೆಳೆದೆವು. ಸರ್ವರು ಅಲ್ಲಿಗೇ ನಿಂತಿತು. ಆ ಯಂತ್ರವು ಖಾನೆಗಳನ್ನು ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತಿತ್ತು! ಕೆಟ್ಟದ್ದು ಮೂರನೆಯ ಖಾನೆಯಲ್ಲಿಯೇ ಉಳಿದಿತ್ತು; ನಾವು ಎಳೆದುದು ಚೆನ್ನಾಗಿದ್ದ ಡಿಸ್ಕನ್ನು. ನಾಲ್ಕರಲ್ಲಿ ಎರಡು ಇಲ್ಲವಾದ ಮೇಲೆ ಸರಿಬೆಸದ ಲೆಕ್ಕ ನಡೆಯುವುದೆಂತು?

ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ, ಹೊಸ ಕೂಟವನ್ನು ರಚಿಸಬೇಕೆ ಎಂಬ ಪ್ರಶ್ನೆ ತೆರೆಯ ಮೇಲೆ ಬಂದಿತು. ಗಾಬರಿಯಲ್ಲಿ 'ಹೌದು' ಎಂದು ಒತ್ತುವುದರಲ್ಲಿದ್ದೆವು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಕೇಳಿ ನೋಡೋಣವೆಂದು ದೂರವಾಣಿ ಮಾಡಿದೆವು. "ಮಾಷ್ಟ್ರೇ, ಯಾವುದನ್ನೂ ಒತ್ತಬೇಡಿ. ಕರೆಂಟು ತೆಗೆದು ಹಾಗೆಯೇ ಇಡಿ. ನಾನು ಬರ್ತೇನೆ" ಎಂದು ಅವನು ಹೇಳಿದ. ರಾತ್ರಿಯ ಬಸ್ಸಿನಲ್ಲಿ ಬಂದವನು ಮೊದಲು ಮಾಡಿದ ಕೆಲಸ ದುರಸ್ತಿಯಲ್ಲ; ಚೆನ್ನಾಗಿದ್ದ ಮೂರು ಡಿಸ್ಕುಗಳನ್ನೂ ಒಂದೊಂದಾಗಿ ಬೇರೆ ಡಿಸ್ಕುಗಳಿಗೆ ಪೂರ್ತಿಯಾಗಿ ನಕಲು ಮಾಡಿದುದು. ಆಮೇಲೆ ಆ ನಕಲುಗಳಿಂದಲೇ ಕೂಟವನ್ನು ತಿರುಗಿ ಕೂಡಿಸಿದ. ಅಂದು ಬರೆಯುತ್ತಿದ್ದ ಒಂದು ಅಂಕಪಟ್ಟಿಯ ಹೊರತು ಉಳಿದುದೆಲ್ಲವೂ ದೊರಕಿತು. ಆ ಗುಂಡಿಯನ್ನು ಒತ್ತಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ತಪ್ಪು ಯಂತ್ರದ್ದಲ್ಲ, ನಮ್ಮದು.

ಪರೀಕ್ಷೆಯ ಕ್ರಮ

ಆತುರಗಾರನಿಗೆ ಬುದ್ಧಿ ಮಟ್ಟವೆಂದು ಗಾದೆ. ಆದುದರಿಂದ ಇಂತಹ ಸಂದರ್ಭದಲ್ಲಿ ಅನುಸರಿಸತಕ್ಕ ಕ್ರಮವನ್ನು ಇಲ್ಲಿ ಬರೆದಿದ್ದೇವೆ.

1. ಮೊದಲು ನೋಡಿ ಬರೆದಿಡುವುದು. ಯಾವ ಖಾನೆಯ ದೀಪ ಯಾವ ಬಣ್ಣದಲ್ಲಿದೆ, ತೆರೆಯ ಸೂಚನೆ ಏನು, ಕೂಗು ಎಂದಿನಿಂದ ಎಂಬುದನ್ನು ಕಾಗದದಲ್ಲಿ ಬರೆಯಬೇಕು. ನಮ್ಮ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಕೂಟವನ್ನು ತಂತ್ರಾಂಶವೇ ನಡೆಸುತ್ತಿದ್ದರೆ, 'ಎಂಡಿಸ್ಟ್ಯಾಟ್' ಎಂಬ ಕಡತವನ್ನು ತೆರೆದರೆ ಸಾಕು. ಸರಿಯಾಗಿರುವ ಪ್ರತಿಯೊಂದು ಡಿಸ್ಕಿಗೂ 'ಯು' ಎಂಬ ಇಂಗ್ಲಿಷ್ ಅಕ್ಷರ, ಬಿದ್ದುಹೋದುದಕ್ಕೆ ಒಂದು ಅಡಿಗೆರೆ ಅಲ್ಲಿ ಕಾಣುತ್ತದೆ.

2. ಎರಡನೆಯದಾಗಿ, ಕೂಟ ಇನ್ನೂ ನಡೆಯುತ್ತಿರುವಾಗಲೇ ಮುಖ್ಯವಾದುದನ್ನೆಲ್ಲ ಬೇರೆ ಕಡೆಗೆ ನಕಲು ಮಾಡುವುದು. ಹೊಸ ಡಿಸ್ಕು ಹಾಕುವುದಕ್ಕಿಂತ ಮುಂಚೆ ಇದು ಆಗಬೇಕು. ಕಾರಣವನ್ನು ಮುಂದೆ ಹೇಳುತ್ತೇವೆ.

3. ಕೆಟ್ಟುದು ಡಿಸ್ಕೋ ತಂತಿಯೋ ಎಂದು ವಿಚಾರಿಸುವುದು. ಡಿಸ್ಕುಗಳು 'ಸ್ಮಾರ್ಟ್' ಎಂಬ ತಮ್ಮದೇ ಆರೋಗ್ಯಪತ್ರವನ್ನು ಇಟ್ಟುಕೊಂಡಿರುತ್ತವೆ. ಸಾಮಾನ್ಯ ಸಾಟಾ ಡಿಸ್ಕುಗಳಲ್ಲಿ ಅದರ 5ನೆಯ ಅಂಶವು ಕೆಟ್ಟ ಜಾಗಗಳ ಬದಲಿಗೆ ಮೀಸಲು ಜಾಗಗಳನ್ನು ಎಷ್ಟು ಬಳಸಿದೆಯೆಂದೂ, 197ನೆಯದು ಓದಲಾರದೆ ಬಾಕಿ ಉಳಿದ ಜಾಗಗಳೆಷ್ಟೆಂದೂ ತಿಳಿಸುತ್ತವೆ. ಇವು ಏರುತ್ತಿದ್ದರೆ ಡಿಸ್ಕಿನ ಆಯುಸ್ಸು ಮುಗಿಯುತ್ತ ಬಂದಿತೆಂದು ತಿಳಿಯಬೇಕು. ಇವು ಸೊನ್ನೆಯಾಗಿದ್ದು 199ನೆಯದು ಮಾತ್ರ ಏರುತ್ತಿದ್ದರೆ, ಬರಹವು ತಂತಿಯಲ್ಲಿ ಸಾಗುವಾಗ ಕೆಡುತ್ತಿದೆಯೆಂದರ್ಥ; ಡಿಸ್ಕನ್ನಲ್ಲ, ತಂತಿಯನ್ನೂ ಅದರ ಜೋಡಣೆಯನ್ನೂ ಮೊದಲು ನೋಡತಕ್ಕದ್ದು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಜೋಡಣೆಯ ತುದಿಗಳು ಕಿಲುಬು ಹಿಡಿಯುವುದುಂಟು.

4. ತೆಗೆಯಬೇಕಾದ ಡಿಸ್ಕನ್ನು ಕ್ರಮಸಂಖ್ಯೆಯಿಂದ ಗುರುತಿಸುವುದು. ಪ್ರತಿ ಡಿಸ್ಕಿನ ಮೇಲೂ ಅದರದೇ ಆದ ಕ್ರಮಸಂಖ್ಯೆ ಅಚ್ಚಾಗಿರುತ್ತದೆ. ಅದನ್ನೇ ತಂತ್ರಾಂಶವೂ ತೋರಿಸುತ್ತದೆ. ಸರ್ವರನ್ನು ತಂದ ದಿನವೇ ಖಾನೆಖಾನೆಯ ಕ್ರಮಸಂಖ್ಯೆಗಳನ್ನು ಬರೆದು ಯಂತ್ರದ ಬದಿಗೆ ಅಂಟಿಸಿಟ್ಟರೆ ನಮಗಾದ ತಪ್ಪು ಇತರರಿಗಾಗದು.

5. ಅಳತೆಯಲ್ಲಿ ಹಳೆಯದಕ್ಕೆ ಸಮನಾದ ಅಥವಾ ಹೆಚ್ಚಿನ ಡಿಸ್ಕನ್ನು ಹಾಕಿ ತಾಳ್ಮೆಯಿಂದ ಕಾಯುವುದು. ಯಂತ್ರವು ಉಳಿದ ಡಿಸ್ಕುಗಳನ್ನು ಮೊದಲಿನಿಂದ ಕೊನೆಯ ವರೆಗೆ ಓದಿ, ಲೆಕ್ಕ ಹಾಕಿ, ಹೊಸದನ್ನು ತುಂಬಬೇಕು. ಸೆಕೆಂಡಿಗೆ 150 ಮೆಗಾಬೈಟಿನಂತೆ ಬರೆದರೂ 4 ಟೆರಾಬೈಟಿಗೆ ಸುಮಾರು ಏಳೂವರೆ ಗಂಟೆ ಬೇಕು. ನಡುವೆ ಕಚೇರಿಯ ಕೆಲಸವೂ ನಡೆದರೆ ಇನ್ನೂ ಹೆಚ್ಚು.

ಈ ಕಾಯುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಸಾಮಾನ್ಯ ಡಿಸ್ಕುಗಳ ವಿವರಪತ್ರದಲ್ಲಿ, ಹೆಚ್ಚೆಂದರೆ 1ರ ಮುಂದೆ 14 ಸೊನ್ನೆಗಳಷ್ಟು ಬಿಟ್ಟುಗಳನ್ನು ಓದುವಾಗ ಒಂದು ಕಡೆ ಓದು ತಪ್ಪಬಹುದೆಂದು ತಯಾರಕರು ಬರೆಯುವುದುಂಟು. ಅದು ಸುಮಾರು 12.5 ಟೆರಾಬೈಟು. ನಮ್ಮ ನಾಲ್ಕು ಡಿಸ್ಕುಗಳ ಕೂಟದಲ್ಲಿ ಒಂದನ್ನು ತುಂಬಲು ಉಳಿದ ಮೂರರಿಂದ ಓದಬೇಕಾದುದು 12 ಟೆರಾಬೈಟು! ನಿಜವಾಗಿ ಡಿಸ್ಕುಗಳು ಆ ಮಾತಿಗಿಂತ ಚೆನ್ನಾಗಿಯೇ ನಡೆದುಕೊಳ್ಳುವುದುಂಟಾದರೂ, ಒಂದೇ ದಿನ ಕೊಂಡು ಒಂದೇ ರೀತಿ ದುಡಿದ ಡಿಸ್ಕುಗಳು ಒಟ್ಟಿಗೆ ಮುಪ್ಪಾಗುತ್ತವೆಂಬುದನ್ನು ಮರೆಯಬಾರದು. ಮೊದಲು ನಕಲು, ಆಮೇಲೆ ದುರಸ್ತಿ ಎಂದು ನಾವು ಹೇಳಿದುದು ಇದಕ್ಕಾಗಿ.

ಕೂಟವೇ ಮುರಿದರೆ

ತಾಳಬಲ್ಲ ಸಂಖ್ಯೆಗಿಂತ ಹೆಚ್ಚು ಡಿಸ್ಕುಗಳು ಬಿದ್ದಾಗ ಮಾಡಬೇಕಾದುದಕ್ಕಿಂತ ಮಾಡಬಾರದುದೇ ಹೆಚ್ಚು. ಹೊಸ ಕೂಟವನ್ನು ರಚಿಸಬಾರದು. ಕಡತವ್ಯವಸ್ಥೆಯನ್ನು ಸರಿಪಡಿಸುವ ತಂತ್ರಾಂಶವನ್ನು ಓಡಿಸಬಾರದು. ಡಿಸ್ಕುಗಳ ಸ್ಥಾನವನ್ನು ಅದಲುಬದಲು ಮಾಡಬಾರದು. ಮತ್ತೆ ಮತ್ತೆ ಚಾಲೂ ಮಾಡಿ ನೋಡಬಾರದು. ಟಕಟಕನೆ ಸದ್ದು ಮಾಡುವ ಡಿಸ್ಕಿನ ವಿದ್ಯುತ್ತನ್ನು ಕೂಡಲೇ ನಿಲ್ಲಿಸಬೇಕು. ಆಮೇಲೆ ಬಲ್ಲವರನ್ನು ಕರೆದು, ಪ್ರತಿಯೊಂದು ಡಿಸ್ಕಿನ ಪೂರ್ತಿ ನಕಲು ತೆಗೆದು, ನಕಲಿನ ಮೇಲೆಯೇ ಪ್ರಯೋಗ ನಡೆಸಬೇಕು. ಮೂಲಕ್ಕೆ ಕೈ ಹಚ್ಚದಿದ್ದರೆ ತಪ್ಪಿದ ಪ್ರಯೋಗವನ್ನು ಮತ್ತೊಮ್ಮೆ ಮಾಡಬಹುದು.

ಕೂಟವು ಕಾಯಲಾರದ ಸಂಗತಿಗಳು

ಕೂಟವು ಡಿಸ್ಕಿನ ಮರಣದಿಂದ ಮಾತ್ರ ನಮ್ಮನ್ನು ಕಾಯುತ್ತದೆ. ಯಾರಾದರೂ ಒಂದು ಕಡತವನ್ನು ತಪ್ಪಿ ಅಳಿಸಿದರೆ ಕೂಟವು ಅದನ್ನು ಎಲ್ಲ ಡಿಸ್ಕುಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ ಒಳನುಗ್ಗಿದರೂ ಹಾಗೆಯೇ. ಮುಂಗಾರಿನ ಮೊದಲಿಗೂ ತುಲಾ ಮಾಸಕ್ಕೂ ನಮ್ಮಲ್ಲಿ ಬೀಳುವ ಸಿಡಿಲು ನಾಲ್ಕು ಡಿಸ್ಕುಗಳನ್ನೂ ಒಂದೇ ಕ್ಷಣದಲ್ಲಿ ಸುಡಬಹುದು. ಆದುದರಿಂದ ಕೂಟವಿದ್ದ ಮಾತ್ರಕ್ಕೆ ಬ್ಯಾಕಪ್, ಅಂದರೆ ಬೇರೆಯಾಗಿ ಇರಿಸಿದ ಪ್ರತಿ, ಬೇಡವೆನ್ನುವಂತಿಲ್ಲ. ಬಲ್ಲವರು ಇದಕ್ಕೆ ಮೂರು, ಎರಡು, ಒಂದು ಎಂಬ ಸೂತ್ರ ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಊರಿನಲ್ಲಿ.

ನಮ್ಮ ಹಿರಿಯರಿಗೆ ಇದು ಹೊಸ ಮಾತಲ್ಲ. ತಾಳೆಯೋಲೆಯ ಗ್ರಂಥ ಶಿಥಿಲವಾಗುವ ಮುನ್ನ ಅದನ್ನು ಪ್ರತಿ ಮಾಡಿಸುತ್ತಿದ್ದರು. ಒಂದೇ ಕೃತಿಯ ಓಲೆಗಳು ಹಲವು ಮಠಗಳಲ್ಲಿ, ಹಲವು ಮನೆಗಳಲ್ಲಿ ಇದ್ದುದರಿಂದಲೇ ಎಷ್ಟೋ ಕಾವ್ಯಗಳು ನಮ್ಮ ಕೈಸೇರಿದವು. ನಮ್ಮ ಕಾಲದ ಉದಾಹರಣೆಯೂ ಉಂಟು. 2000ದ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಎಂಬ ಯೋಜನೆ ನಡೆಯಿತು. ಕನ್ನಡದ ಹಳೆಯ ಪುಸ್ತಕಗಳೂ ಅದರಲ್ಲಿ ಬಹಳವಾಗಿ ಸೇರಿದವು. ಮುಂದೆ ಆ ಜಾಲತಾಣ ಜನರಿಗೆ ದೊರೆಯದಂತಾಯಿತು. ಆದರೆ ಆ ಪುಸ್ತಕಗಳಲ್ಲಿ ಅನೇಕವುಗಳ ಪ್ರತಿಗಳು ಅಮೇರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯಲ್ಲಿಯೂ ಇದ್ದುದರಿಂದ ಅವನ್ನು ಇಂದಿಗೂ ಮನೆಯಲ್ಲಿಯೇ ಕುಳಿತು ಓದಬಹುದಾಗಿದೆ.

ಮುಕ್ತಾಯ

ನಮ್ಮ ಸರ್ವರು ಈಗ ಕೂಗಿದರೆ ಪಾಠ ನಿಂತರೂ ಸರಿ, ಕಾರಣ ತಿಳಿಯದೆ ಕೂಗನ್ನು ನಿಲ್ಲಿಸುವುದಿಲ್ಲ. ಖಾನೆಗಳ ಪಟ್ಟಿ ಅದರ ಬದಿಯಲ್ಲಿದೆ. ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನೂ ಆದ್ಯಂತ ಓದಿಸಿ ಪರೀಕ್ಷಿಸುತ್ತೇವೆ. ಒಂದು ಪ್ರತಿ ಬೇರೊಂದು ಊರಿನಲ್ಲಿದೆ. ವರ್ಷಕ್ಕೆರಡು ಸಲ ಅದರಿಂದ ಕೆಲವು ಪುಟಗಳನ್ನು ತೆರೆದು, ಓದಲಾಗುವುದೇ ಎಂದು ನೋಡುತ್ತೇವೆ. ತೆರೆದು ನೋಡದ ಪ್ರತಿಯನ್ನು ನಂಬುವುದು, ಇಳಿದು ನೋಡದ ಬಾವಿಯಲ್ಲಿ ನೀರಿದೆಯೆಂದು ನಂಬಿದಂತೆ. ಈ ಕೆಲಸಗಳಲ್ಲಿ ಹೆಚ್ಚಿನವನ್ನು ಹೈಸ್ಕೂಲಿನ ಮಕ್ಕಳೇ ಹಿರಿಯರ ಎದುರಿನಲ್ಲಿ ಮಾಡಬಲ್ಲರು. ತಮ್ಮ ಅಜ್ಜಂದಿರ ಹೆಸರುಗಳನ್ನು ಕಾಯುವ ಕೆಲಸವನ್ನು ಮೊಮ್ಮಕ್ಕಳು ಕಲಿಯುವುದು ಉಚಿತವೇ ಅಲ್ಲವೆ?

ಅಭ್ಯಾಸ

1. ಮೊದಲನೆಯ ಡಿಸ್ಕಿನಲ್ಲಿ 0 1 1 0, ಮೂರನೆಯದರಲ್ಲಿ 1 1 0 0, ಸರಿಬೆಸದ ಡಿಸ್ಕಿನಲ್ಲಿ 1 1 1 1 ಎಂದಿದೆ. ಕೆಟ್ಟುಹೋದ ಎರಡನೆಯ ಡಿಸ್ಕಿನಲ್ಲಿ ಏನಿತ್ತು?

2. ತಲಾ 2 ಟೆರಾಬೈಟಿನ ಆರು ಡಿಸ್ಕುಗಳಿಂದ ರೇಡ್ ಆರರ ಕೂಟವನ್ನು ಕಟ್ಟಿದರೆ ಎಷ್ಟು ಟೆರಾಬೈಟು ಬಳಕೆಗೆ ಸಿಗುವುದು?

3. ಒಂದು ಡಿಸ್ಕಿನ ಆರೋಗ್ಯಪತ್ರದಲ್ಲಿ 199ನೆಯ ಅಂಶ ಮಾತ್ರ ಏರುತ್ತಿದೆ. ನೀವು ಮೊದಲು ಯಾವುದನ್ನು ನೋಡುವಿರಿ?

4. ನಿಮ್ಮ ಮನೆಯ ಹಳೆಯ ಭಾವಚಿತ್ರಗಳೂ ಮುಖ್ಯ ಕಾಗದಗಳೂ ಎಷ್ಟು ಕಡೆಗಳಲ್ಲಿವೆ? ಹೆತ್ತವರೊಡನೆ ಕುಳಿತು ಒಂದು ಪಟ್ಟಿ ಮಾಡಿರಿ. ಒಂದೇ ಕಡೆಯಲ್ಲಿ ಇರುವವನ್ನು ಈ ರಜೆಯಲ್ಲಿಯೇ ಇನ್ನೊಂದು ಕಡೆಗೆ ಪ್ರತಿ ಮಾಡಿರಿ.